ಸರ್ ಹೆರಾಲ್ಡ್ ಗಿಲ್ಲೀಸ್ (1882–1960): ಸೀಳುತುಟಿ ಹೊಲಿದ ಅನಂತರ ಉಳಿಯುವ ಮೂಗಿನ ವಿರೂಪ ಮತ್ತು ಅದನ್ನು ಸರಿಪಡಿಸಲು ಶ್ರಮಿಸಿದ ಶಸ್ತ್ರವೈದ್ಯ

ಸೀಳುತುಟಿಯೊಡನೆ ಜನಿಸಿದ ಮಗುವಿನ ತುಟಿಯನ್ನು ಹೊಲಿದು ಕೂಡಿಸಿದೊಡನೆ ಚಿಕಿತ್ಸೆ ಪೂರ್ಣವಾಯಿತೆಂದು ಅನೇಕ ತಂದೆತಾಯಿಗಳು ಭಾವಿಸುತ್ತಾರೆ. ಆದರೆ ಮಗು ಬೆಳೆದಂತೆ ಮೂಗಿನ ಒಂದು ಹೊಳ್ಳೆ ಚಪ್ಪಟೆಯಾಗಿ ಅಗಲವಾಗಿಯೂ, ಮೂಗಿನ ತುದಿ ಒಂದು ಕಡೆಗೆ ತಗ್ಗಿಯೂ, ಎರಡು ಹೊಳ್ಳೆಗಳ ನಡುವಣ ಕಂಬವು ಓರೆಯಾಗಿಯೂ ಕಾಣತೊಡಗುತ್ತದೆ. ತುಟಿಯ ಮೇಲಿನ ಕಲೆ ಕಾಲಕ್ರಮದಲ್ಲಿ ಮಾಸಬಹುದು. ಮೂಗು ಮಾತ್ರ ಆ ಹಳೆಯ ಸೀಳನ್ನು ನೋಡಿದವರಿಗೆಲ್ಲ ನೆನಪಿಸುತ್ತಲೇ ಇರುತ್ತದೆ. ಇಂತಹ ವಿರೂಪವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಒಂದು ವಿಚಾರಕ್ರಮವನ್ನು ಒದಗಿಸಿದವರಲ್ಲಿ ನ್ಯೂಜಿಲೆಂಡಿನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಸೇವೆ ಸಲ್ಲಿಸಿದ ಸರ್ ಹೆರಾಲ್ಡ್ ಡೆಲ್ಫ್ ಗಿಲ್ಲೀಸ್ ಅವರು ಪ್ರಮುಖರು. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಜನಕರೆಂದು ಅವರನ್ನು ವೈದ್ಯಲೋಕವು ಗೌರವಿಸುತ್ತದೆ. ಅವರ ಜೀವನ ಮತ್ತು ಕಾರ್ಯದ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಗಿಲ್ಲೀಸ್ ಅವರು 1882ರ ಜೂನ್ 17ರಂದು ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಎಂಟು ಮಕ್ಕಳ ಕುಟುಂಬದ ಕಿರಿಯ ಮಗನಾಗಿ ಜನಿಸಿದರು. ತಂದೆ ರಾಬರ್ಟ್ ಗಿಲ್ಲೀಸ್ ಭೂಮಾಪನದ ವೃತ್ತಿಯವರು. ಆ ದೇಶದ ಸಂಸತ್ತಿನ ಸದಸ್ಯರೂ ಆಗಿದ್ದರು. ಮಗನಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ಬಾಲ್ಯದಲ್ಲಿ ಮನೆಯ ಮೆಟ್ಟಿಲಿನ ಕೈಪಿಡಿಯ ಮೇಲೆ ಜಾರುವ ಆಟದಲ್ಲಿ ಬಿದ್ದು ಗಿಲ್ಲೀಸ್ ಅವರ ಮೊಣಕೈಗೆ ಪೆಟ್ಟಾಯಿತು. ಆ ಕೈ ಜೀವನಪೂರ್ತಿ ಪೂರ್ಣವಾಗಿ ಚಾಚಿಕೊಳ್ಳಲಿಲ್ಲ. ಅಂತಹ ಕೈಯಿಂದಲೇ ಅವರು ಮುಂದೆ ದೋಣಿ ನಡೆಸಿದರು, ಗಾಲ್ಫ್ ಆಡಿದರು, ಕೂದಲೆಳೆಯಷ್ಟು ಸೂಕ್ಷ್ಮವಾದ ಹೊಲಿಗೆಗಳನ್ನೂ ಹಾಕಿದರು.

ವಾಂಗನುಯಿ ಕಾಲೇಜಿಯೇಟ್ ಶಾಲೆಯಲ್ಲಿ ಓದಿ, 1901ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ನಡುವೆ ನಡೆಯುವ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ 1904ರಲ್ಲಿ ಕೇಂಬ್ರಿಜ್ ಪರವಾಗಿ ಹುಟ್ಟು ಹಾಕಿದರು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯು ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಪಡೆದು 1910ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಫೆಲೋ ಆದರು. 1911ರಲ್ಲಿ ಕ್ಯಾಥ್ಲೀನ್ ಜಾಕ್ಸನ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ನಾಲ್ವರು ಮಕ್ಕಳು. ಆರಂಭದಲ್ಲಿ ಅವರದು ಕಿವಿ, ಮೂಗು ಮತ್ತು ಗಂಟಲಿನ ವೈದ್ಯವೃತ್ತಿ. ಯುದ್ಧವೊಂದು ನಡೆಯದೆ ಹೋಗಿದ್ದಲ್ಲಿ ಆ ವೃತ್ತಿಯಲ್ಲಿಯೇ ಸುಖವಾಗಿ ಬಾಳಿ ಮರೆಯಾಗುತ್ತಿದ್ದರೋ ಏನೋ.

ಯುದ್ಧರಂಗದಲ್ಲಿ ದೊರೆತ ಪಾಠ

1915ರಲ್ಲಿ ಗಿಲ್ಲೀಸ್ ಅವರು ರೆಡ್ ಕ್ರಾಸ್ ಮೂಲಕ ಫ್ರಾನ್ಸಿಗೆ ತೆರಳಿದರು. ಅಲ್ಲಿ ಶಾರ್ಲ್ ವಲಾಡಿಯೆ ಎಂಬ ದಂತವೈದ್ಯರು ಗುಂಡೇಟಿನಿಂದ ಮುರಿದ ದವಡೆಗಳನ್ನು ಕೂಡಿಸುವ ಕಾರ್ಯದಲ್ಲಿ ತೊಡಗಿದ್ದುದನ್ನು ಕಂಡರು. ಪ್ಯಾರಿಸ್ ನಗರದಲ್ಲಿ ಇಪೊಲಿಟ್ ಮೊರೆಸ್ಟಾಂ ಎಂಬ ಶಸ್ತ್ರವೈದ್ಯರು ರೋಗಿಯ ಮುಖದಿಂದ ಗಡ್ಡೆಯೊಂದನ್ನು ತೆಗೆದು, ಉಳಿದ ಹಳ್ಳವನ್ನು ಪಕ್ಕದ ಚರ್ಮವನ್ನು ಸರಿಸಿ ಮುಚ್ಚಿದ ದೃಶ್ಯವು ಅವರ ಮನಸ್ಸನ್ನು ಸೆಳೆಯಿತು. ಸ್ವದೇಶದ ಸೇನೆಯಲ್ಲಿ ಇಂತಹ ವಿಶೇಷ ವಿಭಾಗವಿರಲಿಲ್ಲ. ಇಂಗ್ಲೆಂಡಿಗೆ ಮರಳಿದ ಗಿಲ್ಲೀಸ್ ಅಧಿಕಾರಿಗಳನ್ನು ಒಪ್ಪಿಸಿ, 1916ರ ಆರಂಭದಲ್ಲಿ ಆಲ್ಡರ್‌ಶಾಟ್‌ನ ಸೈನಿಕ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗಾಗಿಯೇ ಒಂದು ವಿಭಾಗವನ್ನು ತೆರೆದರು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಸೊಮ್ ನದಿಯ ಕದನ ಆರಂಭವಾಯಿತು. ಸುಮಾರು 200 ಮಂದಿ ಗಾಯಾಳುಗಳಿಗೆ ಸಿದ್ಧತೆ ಮಾಡಿಕೊಂಡಿದ್ದ ವಿಭಾಗಕ್ಕೆ ಸುಮಾರು 2,000 ಮಂದಿ ಬಂದರು. ಕಂದಕದಿಂದ ತಲೆಯೆತ್ತಿದ ಸೈನಿಕನ ಮುಖಕ್ಕೇ ಗುಂಡು ಮತ್ತು ಸಿಡಿಗುಂಡಿನ ಚೂರುಗಳು ತಗಲುತ್ತಿದ್ದುದರಿಂದ ಮೂಗು, ತುಟಿ, ದವಡೆಗಳನ್ನು ಕಳೆದುಕೊಂಡವರ ಸಂಖ್ಯೆ ಹಿಂದಿನ ಯಾವ ಯುದ್ಧದಲ್ಲಿಯೂ ಕಾಣದಷ್ಟಾಗಿತ್ತು. 1917ರಲ್ಲಿ ಲಂಡನ್ ಸಮೀಪದ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ಆರಂಭವಾಯಿತು. ಅಲ್ಲಿ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಆಸ್ಪತ್ರೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿಯಲಾಗಿತ್ತು. ಅಲ್ಲಿ ಕುಳಿತವರ ಮುಖ ಕಂಡು ಬೆಚ್ಚಬಾರದೆಂದು ಊರವರಿಗೆ ಮೊದಲೇ ತಿಳಿಯಲಿ ಎಂಬುದು ಇದರ ಉದ್ದೇಶ. ವಿರೂಪಗೊಂಡ ಮುಖವು ಮನುಷ್ಯನನ್ನು ಸಮಾಜದಿಂದ ಎಷ್ಟು ದೂರವಿರಿಸಬಲ್ಲದು ಎಂಬುದನ್ನು ಗಿಲ್ಲೀಸ್ ಪ್ರತಿದಿನವೂ ಕಂಡರು.

ಸಿಡ್‌ಕಪ್‌ನ ಮೂರು ಸಂಗತಿಗಳು ಮುಂದೆ ಸೀಳುತುಟಿಯ ಚಿಕಿತ್ಸೆಗೂ ನೆರವಾದವು. ಮೊದಲನೆಯದು ದಾಖಲೆ. ವೈದ್ಯರೂ ಚಿತ್ರಕಾರರೂ ಆಗಿದ್ದ ಹೆನ್ರಿ ಟಾಂಕ್ಸ್ ಅವರು ಗಾಯಾಳುಗಳ ಮುಖಗಳನ್ನು ಚಿಕಿತ್ಸೆಗೆ ಮೊದಲು ಮತ್ತು ಅನಂತರ ವರ್ಣಗಳಲ್ಲಿ ಚಿತ್ರಿಸಿದರು. ಛಾಯಾಚಿತ್ರ, ರೇಖಾಚಿತ್ರ, ಪ್ಲಾಸ್ಟರ್ ಅಚ್ಚುಗಳನ್ನು ನೋಡದೆ ಕತ್ತಿ ಹಿಡಿಯಬಾರದೆಂಬ ಅಭ್ಯಾಸ ಗಿಲ್ಲೀಸ್ ಅವರಲ್ಲಿ ಬೆಳೆದದ್ದು ಆಗಲೇ. ಎರಡನೆಯದು ಅರಿವಳಿಕೆ. ಮೂಗು ಬಾಯಿಗಳ ಮೇಲೆ ಮುಖವಾಡವಿಟ್ಟು ಈಥರ್ ಕೊಡುವ ಪದ್ಧತಿಯಲ್ಲಿ ಅದೇ ಮೂಗು ಬಾಯಿಗಳ ಮೇಲೆ ಶಸ್ತ್ರಕ್ರಿಯೆ ಮಾಡುವುದು ಹೇಗೆ? ಸಿಡ್‌ಕಪ್‌ನ ಅರಿವಳಿಕೆ ವೈದ್ಯರಾದ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೌಬಾತಮ್ ಅವರು ಶ್ವಾಸನಾಳದೊಳಕ್ಕೆ ಕೊಳವೆಯಿಳಿಸಿ ಅರಿವಳಿಕೆ ಕೊಡುವ ವಿಧಾನವನ್ನು ಬೆಳೆಸಿದರು. ಮುಖವು ಶಸ್ತ್ರವೈದ್ಯನಿಗೆ ಪೂರ್ಣವಾಗಿ ತೆರವಾಯಿತು. ಇಂದು ಹಸುಗೂಸಿನ ತುಟಿಯನ್ನು ಗಂಟೆಗಟ್ಟಲೆ ನಿಧಾನವಾಗಿ ಹೊಲಿಯಲು ಸಾಧ್ಯವಾಗಿರುವುದು ಈ ಕೊಳವೆಯ ಕಾರಣದಿಂದಲೇ. ಮೂರನೆಯದು ದಂತವೈದ್ಯರ ಸಹಯೋಗ. ಕೆಲ್ಸಿ ಫ್ರೈ ಎಂಬ ದಂತವೈದ್ಯರು ಒಳಗಿನ ಎಲುಬು ಮತ್ತು ಹಲ್ಲುಗಳ ಆಧಾರವನ್ನು ಸಿದ್ಧಪಡಿಸಿದರೆ, ಹೊರಗಿನ ಮೃದುಭಾಗಗಳನ್ನು ಗಿಲ್ಲೀಸ್ ರೂಪಿಸುತ್ತಿದ್ದರು. 1921ರಲ್ಲಿ ಇವರಿಬ್ಬರೂ ಸೀಳು ಅಂಗುಳದ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಅಂಗುಳದ ಹಿಂದಿನ ಮೃದುಭಾಗವನ್ನು ಬಿಡಿಸಿ ಅದರ ಸಹಜ ಸ್ಥಾನಕ್ಕೆ ಹಿಂದೆ ಸರಿಸುವುದು, ಮುಂದಿನ ತೆರವನ್ನು ಕೃತಕ ತಟ್ಟೆಯಿಂದ ಮುಚ್ಚುವುದು ಅದರ ಸಾರ.

ಒಂದು ತುದಿ ಚರ್ಮಕ್ಕೆ ಅಂಟಿಕೊಂಡಿರುವಂತೆಯೇ ಚರ್ಮದ ಪಟ್ಟಿಯನ್ನು ಕೊಳವೆಯಾಗಿ ಸುರುಳಿಸುತ್ತಿ ಹೊಲಿದು, ರಕ್ತಸಂಚಾರ ಕೆಡದಂತೆ ದೂರದ ಅಂಗಕ್ಕೆ ಸಾಗಿಸುವ ವಿಧಾನವನ್ನು ಅವರು 1917ರಲ್ಲಿ ಬಳಕೆಗೆ ತಂದರು. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ವ್ಲಾದಿಮಿರ್ ಫಿಲಾತೊವ್ ಅವರು ಇದನ್ನೇ ಸ್ವತಂತ್ರವಾಗಿ ಸ್ವಲ್ಪ ಮೊದಲು ಮಾಡಿದ್ದರು. 1920ರಲ್ಲಿ ಗಿಲ್ಲೀಸ್ ಅವರ ಪ್ಲಾಸ್ಟಿಕ್ ಸರ್ಜರಿ ಆಫ್ ದಿ ಫೇಸ್ ಎಂಬ ಗ್ರಂಥ ಹೊರಬಂದಿತು.

ಭಾರತದ ಮೂಗಿನ ಚಿಕಿತ್ಸೆಯ ನಂಟು

ಸಿಡ್‌ಕಪ್‌ನಲ್ಲಿ ಹೊಸ ಮೂಗು ರಚಿಸಲು ಬಳಸುತ್ತಿದ್ದ ಹಣೆಯ ಚರ್ಮದ ವಿಧಾನವು ನಮ್ಮ ದೇಶದಿಂದ ಹೋದದ್ದು. ಅದರ ಹಿಂದೆ ಮೈಸೂರು ಸೀಮೆಯ ಯುದ್ಧದ ಕಥೆಯೊಂದಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತನು 1792ರಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅನಂತರ ಪುಣೆಯ ಬಳಿ ಕುಂಬಾರ ಕುಲದ ಕುಶಲಿಯೊಬ್ಬನು ಆತನ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಅಂಟಿರುವಂತೆಯೇ ಬಿಡಿಸಿ, ಕೆಳಕ್ಕೆ ತಿರುಗಿಸಿ ಮೂಗನ್ನು ಕಟ್ಟಿಕೊಟ್ಟನು. ಆ ವೃತ್ತಾಂತ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ 1794ರ ಅಕ್ಟೋಬರ್ ತಿಂಗಳಿನಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದನ್ನು ಅನುಸರಿಸಿದರು. ಅದಕ್ಕೂ ಬಹಳ ಹಿಂದೆ ಸುಶ್ರುತ ಸಂಹಿತೆಯು ಮೂಗು, ಕಿವಿ ಮತ್ತು ತುಟಿಗಳನ್ನು ಕೂಡಿಸುವ ಕ್ರಮವನ್ನು ಹೇಳಿದೆಯಾದರೂ ಅಲ್ಲಿ ಮೂಗಿಗೆ ಬಳಸುವುದು ಕೆನ್ನೆಯ ಚರ್ಮವನ್ನು.

ಗಿಲ್ಲೀಸ್ ಈ ವಿಧಾನವನ್ನು ಗೌರವದಿಂದ ಸ್ವೀಕರಿಸಿದರು, ಅದರ ಕೊರತೆಯನ್ನೂ ಗುರುತಿಸಿದರು. ಹೊರಚರ್ಮ ಮಾತ್ರವಿದ್ದು ಒಳಗೆ ಹೊದಿಕೆಯಿಲ್ಲದಿದ್ದರೆ ಹೊಸ ಮೂಗು ಕ್ರಮೇಣ ಮುದುಡಿ ಕುಗ್ಗುತ್ತದೆ. ಆದುದರಿಂದ ಮೊದಲು ಒಳಪದರ, ಬಳಿಕ ಎಲುಬು ಅಥವಾ ಮೃದ್ವಸ್ಥಿಯ ಆಧಾರ, ಕೊನೆಗೆ ಹೊರಚರ್ಮ, ಹೀಗೆ ಮೂರನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಬೇಕೆಂದು ಅವರು ಕಲಿಸಿದರು. ಮೇಲ್ನೋಟಕ್ಕೆ ಸರಳವೆನಿಸುವ ಈ ಲೆಕ್ಕವೇ ಸೀಳುತುಟಿಯ ಮೂಗಿನ ವಿಷಯದಲ್ಲಿಯೂ ಅವರಿಗೆ ದಾರಿ ತೋರಿತು.

ಮೂಗು ಏಕೆ ವಿರೂಪಗೊಳ್ಳುತ್ತದೆ?

ಗರ್ಭದಲ್ಲಿ ಮೇಲ್ದುಟಿಯ ಭಾಗಗಳು ಕೂಡಿಕೊಳ್ಳದೆ ಉಳಿದಾಗ ಸೀಳು ತುಟಿಯಲ್ಲಿಯೇ ನಿಲ್ಲದೆ ಅನೇಕ ವೇಳೆ ಮೇಲ್ದವಡೆಯ ಒಸಡಿನ ಎಲುಬಿಗೂ ಹರಡುತ್ತದೆ. ಬಾಯಿಯ ಸುತ್ತ ಉಂಗುರದಂತೆ ಇರಬೇಕಾದ ಸ್ನಾಯು ಸೀಳಿನಲ್ಲಿ ತುಂಡಾಗಿ, ಅದರ ಹೊರಗಿನ ತುದಿಯು ಮೂಗಿನ ಹೊಳ್ಳೆಯ ಬುಡಕ್ಕೆ ಅಂಟಿಕೊಳ್ಳುತ್ತದೆ. ಮಗು ಅತ್ತಾಗಲೂ ನಕ್ಕಾಗಲೂ ಆ ಸ್ನಾಯು ಹೊಳ್ಳೆಯನ್ನು ಹೊರಕ್ಕೆ ಎಳೆಯುತ್ತದೆ. ಒಳಗಿನ ತುದಿಯು ಮೂಗಿನ ನಡುಕಂಬದ ಬುಡವನ್ನು ಎದುರು ದಿಕ್ಕಿಗೆ ಸೆಳೆಯುತ್ತದೆ. ಹೊಳ್ಳೆಯ ಬುಡಕ್ಕೆ ಆಸರೆಯಾಗಬೇಕಾದ ಎಲುಬು ಕೊರತೆಯಾಗಿರುವುದರಿಂದ ಆ ಭಾಗ ಹಿಂದಕ್ಕೆ ಕುಸಿಯುತ್ತದೆ. ಇವೆಲ್ಲದರ ಪರಿಣಾಮವಾಗಿ ಮೂಗಿನ ತುದಿಯಲ್ಲಿ ಕಮಾನಿನಂತೆ ಬಾಗಿರಬೇಕಾದ ಮೃದ್ವಸ್ಥಿ ಸೀಳಿನ ಕಡೆ ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಮೂಗಿನ ನಡುಗೋಡೆಯೂ ಓರೆಯಾಗಿ ಉಸಿರಾಟಕ್ಕೆ ತಡೆಯಾಗಬಹುದು.

ಚರ್ಮವನ್ನಷ್ಟೇ ಎಳೆದು ಹೊಲಿದರೆ ಈ ಸೆಳೆತಗಳು ಹಾಗೆಯೇ ಉಳಿಯುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುತೇಕ ಮಕ್ಕಳಿಗೆ ಆಗುತ್ತಿದ್ದುದು ಇಂತಹ ಹೊಲಿಗೆಯೇ. ಅವರೇ ಮುಂದೆ ಪ್ರಾಯಕ್ಕೆ ಬಂದು, ಬಿಗಿದ ಮೇಲ್ದುಟಿ, ಕುಸಿದ ಮೂಗು ಮತ್ತು ಹಿಂದೆ ಸರಿದ ಮೇಲ್ದವಡೆಯೊಡನೆ ಗಿಲ್ಲೀಸ್ ಅವರ ಬಳಿಗೆ ಬರುತ್ತಿದ್ದರು.

1932ರ ಪ್ರಬಂಧ

ಯುದ್ಧ ಮುಗಿದೊಡನೆ ಗಿಲ್ಲೀಸ್ ಅವರ ಮುಂದಿನ ದಾರಿ ಸುಗಮವಾಗಿರಲಿಲ್ಲ. ಶಾಂತಿಕಾಲದಲ್ಲಿ ಪ್ಲಾಸ್ಟಿಕ್ ಸರ್ಜರಿಗೆ ಏನು ಕೆಲಸವೆಂದು ವೈದ್ಯರೇ ಕೇಳುತ್ತಿದ್ದ ಕಾಲವದು. ಹಳೆಯ ವೃತ್ತಿಗೆ ಮರಳಿದ್ದರೆ ಸಂಪಾದನೆ ಖಚಿತವಾಗಿತ್ತು. ಆದರೂ ಅವರು ಹೊಸ ಶಾಖೆಯನ್ನೇ ಆಯ್ದುಕೊಂಡರು. ಸಿಡ್‌ಕಪ್‌ನಲ್ಲಿ ಅವರೊಡನೆ ದುಡಿದಿದ್ದ ಥಾಮಸ್ ಪೊಮ್‌ಫ್ರೆಟ್ ಕಿಲ್ನರ್ ಅವರೂ ಜೊತೆಗಿದ್ದರು. 1930ರಲ್ಲಿ ಗಿಲ್ಲೀಸ್ ಅವರಿಗೆ ಸರ್ ಪದವಿ ದೊರೆಯಿತು. ಯುದ್ಧ ಮುಗಿದು ಹನ್ನೆರಡು ವರ್ಷಗಳ ಮೇಲೆ ಬಂದ ಈ ಗೌರವ ತಡವಾಯಿತೆಂದೇ ಹೇಳಬೇಕು.

1932ರಲ್ಲಿ ಗಿಲ್ಲೀಸ್ ಮತ್ತು ಕಿಲ್ನರ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸೀಳುತುಟಿಯ ಚಿಕಿತ್ಸೆಯ ಅನಂತರ ಉಳಿಯುವ ವಿರೂಪಗಳನ್ನು ಸರಿಪಡಿಸುವ ಶಸ್ತ್ರಕ್ರಿಯೆಗಳ ಬಗ್ಗೆ ಪ್ರಬಂಧವನ್ನು ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಅವರೇ ಮೊದಲಿಗರಲ್ಲ. ಅಮೆರಿಕದ ವಿಲ್ರೇ ಬ್ಲೇರ್ ಅವರು 1925ರಲ್ಲಿಯೇ ಸೀಳುತುಟಿಗೆ ಸಂಬಂಧಿಸಿದ ಮೂಗಿನ ವಿರೂಪವನ್ನು ಕುರಿತು ಬರೆದಿದ್ದರು. ಆದರೆ ತುಟಿ, ಮೂಗು, ದವಡೆಗಳನ್ನು ಒಂದೇ ಸಮಸ್ಯೆಯ ಮುಖಗಳೆಂದು ಕಾಣುವ ದೃಷ್ಟಿಯಲ್ಲಿ ಗಿಲ್ಲೀಸ್ ಅವರ ಯುದ್ಧಕಾಲದ ಅನುಭವ ಎದ್ದು ಕಾಣುತ್ತದೆ.

ಅವರ ಮೂಲಸೂತ್ರ ಇಷ್ಟು: ಸಹಜವಾದ ಭಾಗವನ್ನು ಸಹಜವಾದ ಸ್ಥಾನಕ್ಕೆ ಮರಳಿಸಿ ಅಲ್ಲಿಯೇ ನಿಲ್ಲಿಸಬೇಕು, ಆಗ ನಿಜವಾಗಿ ಏನು ಇಲ್ಲ ಎಂಬುದು ಕಾಣುತ್ತದೆ. ಹಳೆಯ ಹೊಲಿಗೆ ಕೆಟ್ಟದಾಗಿದ್ದರೆ ಅದನ್ನು ಮತ್ತೆ ಬಿಚ್ಚಲು ಹಿಂಜರಿಯಬಾರದು. ಇದಕ್ಕೆ ವೈದ್ಯನಿಗೂ ರೋಗಿಗೂ ಧೈರ್ಯ ಬೇಕು. ಒಮ್ಮೆ ಕೂಡಿದ ತುಟಿಯನ್ನು ತಿರುಗಿ ಸೀಳುವುದೆಂದರೆ, ಮಗುವಾಗಿದ್ದಾಗಿನ ಸ್ಥಿತಿಗೆ ಮತ್ತೆ ಮರಳಿ ಹೋದಂತೆ.

ಮೂಗಿನ ವಿಷಯದಲ್ಲಿ ಅವರ ವಿಧಾನ ಹೀಗಿತ್ತು. ಎರಡು ಹೊಳ್ಳೆಗಳ ನಡುವಣ ಕಂಬವನ್ನು ಮಧ್ಯದಲ್ಲಿ ಉದ್ದಕ್ಕೆ ಕೊಯ್ದು, ಸೀಳಿನ ಕಡೆಯ ಅರ್ಧವನ್ನು ಅದರೊಳಗಿನ ಮೃದ್ವಸ್ಥಿಯ ಸಮೇತ ಮೇಲಕ್ಕೆ ಸರಿಸಲಾಗುತ್ತಿತ್ತು. ಗಿಡ್ಡವಾಗಿದ್ದ ಆ ಬದಿಯ ಕಂಬಕ್ಕೆ ಎತ್ತರ ಬಂದು, ಕುಸಿದಿದ್ದ ಮೂಗಿನ ತುದಿ ಇನ್ನೊಂದು ಬದಿಯ ಮಟ್ಟಕ್ಕೆ ಏರುತ್ತಿತ್ತು. ಹೊಳ್ಳೆಯ ಬುಡವನ್ನು ಬಿಡಿಸಿ ಒಳಕ್ಕೆ ತರುವುದೂ ಇದರೊಡನೆ ಸೇರಿದ ಕೆಲಸ. ಇಲ್ಲಿ ಹೊರಗಿನಿಂದ ಚರ್ಮವನ್ನು ತಂದು ಅಂಟಿಸುವುದಿಲ್ಲ. ಇದ್ದ ಅಂಗಾಂಶವೇ ತನ್ನ ಸ್ಥಾನಕ್ಕೆ ಏರುತ್ತದೆ.

ಮೇಲ್ದುಟಿ ತೀರ ಬಿಗಿಯಾಗಿದ್ದು ಕೆಳದುಟಿ ಮುಂದೆ ಜೋತಿದ್ದ ರೋಗಿಗಳಿಗೆ, ಅಮೆರಿಕದ ರಾಬರ್ಟ್ ಆಬಿ ಅವರು 1898ರಲ್ಲಿ ವಿವರಿಸಿದ್ದ ವಿಧಾನವನ್ನು ಅವರು ಬಳಸಿದರು. ಕೆಳದುಟಿಯಿಂದ ತ್ರಿಕೋನಾಕಾರದ ಭಾಗವೊಂದನ್ನು ರಕ್ತನಾಳವಿರುವ ಸಣ್ಣ ತೊಟ್ಟು ಉಳಿಯುವಂತೆ ಬಿಡಿಸಿ ಮೇಲ್ದುಟಿಯ ನಡುವಿಗೆ ತಿರುಗಿಸಿ ಹೊಲಿಯುವುದು, ಕೆಲವು ದಿನಗಳಾದ ಮೇಲೆ ತೊಟ್ಟನ್ನು ಕತ್ತರಿಸುವುದು ಅದರ ಕ್ರಮ. ಅಷ್ಟು ದಿನ ರೋಗಿಯ ಎರಡು ತುಟಿಗಳೂ ಒಂದಕ್ಕೊಂದು ಕೂಡಿಕೊಂಡೇ ಇರಬೇಕಾಗುತ್ತಿತ್ತು. ಮೇಲ್ದವಡೆ ಹಿಂದೆ ಸರಿದಿದ್ದಲ್ಲಿ ತುಟಿಯ ಒಳಭಾಗವನ್ನು ಎಲುಬಿನಿಂದ ಬಿಡಿಸಿ, ಅಲ್ಲಿ ತೆಳುಚರ್ಮವನ್ನು ಹೊದಿಸಿ, ಆ ಜಾಗದಲ್ಲಿ ಕಟ್ಟುಹಲ್ಲಿನ ತಟ್ಟೆಯಿಟ್ಟು ತುಟಿಯನ್ನೂ ಮೂಗಿನ ಬುಡವನ್ನೂ ಮುಂದಕ್ಕೆ ನಿಲ್ಲಿಸುತ್ತಿದ್ದರು. ಇದು ತಾತ್ಕಾಲಿಕ ಆಸರೆಯಂತೆ ಕಂಡರೂ, ದವಡೆಯ ಎಲುಬನ್ನೇ ಕತ್ತರಿಸಿ ಮುಂದಕ್ಕೆ ತರುವ ಶಸ್ತ್ರಕ್ರಿಯೆ ರೂಢಿಯಲ್ಲಿಲ್ಲದ ಕಾಲದಲ್ಲಿ ದೊಡ್ಡ ಉಪಕಾರವಾಗಿತ್ತು.

ಎಲ್ಲವೂ ಫಲಿಸಿತೆಂದಲ್ಲ. ಮೂಗಿಗೆ ಆಧಾರವಾಗಿ ಸಂಸ್ಕರಿಸಿದ ಎತ್ತಿನ ಮೃದ್ವಸ್ಥಿಯನ್ನು ಬಳಸುವ ಪ್ರಯೋಗವನ್ನೂ ಅವರು ಮಾಡಿದರು. ಅಂತಹ ಮೃದ್ವಸ್ಥಿ ಕಾಲಾನಂತರ ದೇಹದೊಳಗೆ ಕರಗುವುದರಿಂದ ಆ ಪದ್ಧತಿ ಉಳಿಯಲಿಲ್ಲ. ತಮ್ಮ ವಿಫಲ ಶಸ್ತ್ರಕ್ರಿಯೆಗಳ ಚಿತ್ರಗಳನ್ನೂ ಸಫಲವಾದವುಗಳ ಪಕ್ಕದಲ್ಲಿಯೇ ಅಚ್ಚು ಹಾಕಿಸಿದ್ದು ಗಿಲ್ಲೀಸ್ ಅವರ ದೊಡ್ಡ ಗುಣ. ವೈದ್ಯಗ್ರಂಥಗಳಲ್ಲಿ ಇದು ಇಂದಿಗೂ ಅಪರೂಪ.

ಶಿಷ್ಯಪರಂಪರೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಿಲ್ಲೀಸ್ ಅವರು ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್ ಎಂಬ ಕೇಂದ್ರದಲ್ಲಿ ಕಾರ್ಯನಿರ್ವಹಿಸಿದರು. ಅವರ ಬಂಧುವೂ ಡ್ಯುನೆಡಿನ್‌ನವರೇ ಆದ ಆರ್ಚಿಬಾಲ್ಡ್ ಮೆಕಿಂಡೋ ಅವರು ಸುಟ್ಟಗಾಯಗಳಿಗೊಳಗಾದ ವಿಮಾನಯೋಧರ ಚಿಕಿತ್ಸೆಯಲ್ಲಿ ಹೆಸರಾದರು. ಕಿಲ್ನರ್ ಅವರು 1944ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ಲಾಸ್ಟಿಕ್ ಸರ್ಜರಿಯ ಪ್ರಾಧ್ಯಾಪಕರಾದರು. 1946ರಲ್ಲಿ ಬ್ರಿಟಿಷ್ ಪ್ಲಾಸ್ಟಿಕ್ ಸರ್ಜನರ ಸಂಘ ಸ್ಥಾಪನೆಯಾದಾಗ ಗಿಲ್ಲೀಸ್ ಅವರೇ ಮೊದಲ ಅಧ್ಯಕ್ಷರು. ಭಾರತದಿಂದ ಹೋದ ನೋಶೀರ್ ಆಂಟಿಯಾ ಅವರೂ ಗಿಲ್ಲೀಸ್ ಅವರ ಬಳಿ ತರಬೇತಿ ಪಡೆದರು. ಮುಂದೆ ಅವರು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿದರು. ಕುಷ್ಠರೋಗದಿಂದ ಕುಸಿದ ಮೂಗುಗಳನ್ನು ಸರಿಪಡಿಸುವುದಕ್ಕೂ ಶ್ರಮಿಸಿದರು.

ಸೀಳುತುಟಿಯ ಚರಿತ್ರೆಯಲ್ಲಿ ಇವರೆಲ್ಲರಿಗಿಂತ ಹೆಚ್ಚು ಪರಿಚಿತವಾದ ಹೆಸರು ಅಮೆರಿಕದ ರಾಲ್ಫ್ ಮಿಲ್ಲಾರ್ಡ್ ಅವರದು. ಗಿಲ್ಲೀಸ್ ಅವರೊಡನೆ ಕಲಿತ ಮಿಲ್ಲಾರ್ಡ್ ಅವರು ಕೊರಿಯಾದಲ್ಲಿ ಸೇನಾ ವೈದ್ಯರಾಗಿದ್ದಾಗ, ತುಟಿಯ ಒಂದು ಭಾಗವನ್ನು ಕೆಳಕ್ಕೆ ತಿರುಗಿಸಿ ಇನ್ನೊಂದು ಭಾಗವನ್ನು ಒಳಕ್ಕೆ ಸರಿಸುವ ವಿಧಾನವನ್ನು ರೂಪಿಸಿದರು. 1955ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಪ್ಲಾಸ್ಟಿಕ್ ಸರ್ಜರಿಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಸಹಜ ಭಾಗವನ್ನು ಸಹಜ ಸ್ಥಾನಕ್ಕೆ ಮರಳಿಸಬೇಕೆಂಬ ಗುರುವಿನ ಸೂತ್ರವೇ ಇಲ್ಲಿ ಕಾಣುತ್ತದೆ. ಹೊಳ್ಳೆಯ ಬುಡ ಮತ್ತು ನಡುಕಂಬ ಮೊದಲ ಹೊಲಿಗೆಯಲ್ಲಿಯೇ ಸ್ವಲ್ಪಮಟ್ಟಿಗೆ ಸರಿಯಾಗುವುದು ಇದರ ಲಾಭ. ಇಂದಿಗೂ ಈ ವಿಧಾನ ಮತ್ತು ಅದರ ಪರಿಷ್ಕೃತ ರೂಪಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಗುರುಶಿಷ್ಯರು ಸೇರಿ ಬರೆದ ದಿ ಪ್ರಿನ್ಸಿಪಲ್ಸ್ ಅಂಡ್ ಆರ್ಟ್ ಆಫ್ ಪ್ಲಾಸ್ಟಿಕ್ ಸರ್ಜರಿ ಎಂಬ ಎರಡು ಸಂಪುಟಗಳ ಗ್ರಂಥ 1957ರಲ್ಲಿ ಪ್ರಕಟವಾಯಿತು.

ಇಂದಿನ ಕ್ರಮ

ಸೀಳುತುಟಿ ಅಥವಾ ಸೀಳು ಅಂಗುಳವು ಸರಿಸುಮಾರು 700ರಿಂದ 1,000 ಜನನಗಳಿಗೆ ಒಂದರಂತೆ ಕಂಡುಬರುತ್ತದೆ. ಹಸುಗೂಸಿನ ಮೂಗನ್ನು ಮುಟ್ಟಿದರೆ ಅದರ ಬೆಳವಣಿಗೆ ಕುಂಠಿತವಾಗುವುದೆಂಬ ಭಯ ಹಿಂದೆ ಇತ್ತು. ಈಗ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ತುಟಿಯನ್ನು ಸರಿಪಡಿಸುವಾಗಲೇ ಮೃದ್ವಸ್ಥಿಯನ್ನು ಬಿಡಿಸಿ ಮೇಲೆತ್ತುವ ಪದ್ಧತಿ ಅನೇಕ ಕೇಂದ್ರಗಳಲ್ಲಿದೆ. ಕೆಲವೆಡೆ ಅದಕ್ಕೂ ಮೊದಲು ತಟ್ಟೆಯೊಂದನ್ನು ತೊಡಿಸಿ ಒಸಡು ಮತ್ತು ಹೊಳ್ಳೆಗಳನ್ನು ಕ್ರಮೇಣ ತಿದ್ದಲಾಗುತ್ತದೆ. ಒಸಡಿನ ಎಲುಬಿನ ತೆರವನ್ನು, ಅಲ್ಲಿ ಕೋರೆಹಲ್ಲು ಮೂಡುವ ಮುನ್ನ, ಸುಮಾರು ಎಂಟರಿಂದ ಹನ್ನೊಂದನೆಯ ವಯಸ್ಸಿನಲ್ಲಿ ಸೊಂಟದ ಎಲುಬಿನ ಚೂರುಗಳಿಂದ ತುಂಬಲಾಗುತ್ತದೆ. ಹೊಳ್ಳೆಯ ಬುಡಕ್ಕೂ ಇದರಿಂದ ಆಸರೆ ದೊರೆಯುತ್ತದೆ. ಇಷ್ಟಾದರೂ ಕೆಲವರಲ್ಲಿ ವಿರೂಪ ಉಳಿಯುವುದುಂಟು. ಮೂಗಿನ ಅಂತಿಮ ಶಸ್ತ್ರಚಿಕಿತ್ಸೆಯನ್ನು ಮುಖದ ಬೆಳವಣಿಗೆ ಪೂರ್ಣಗೊಂಡ ಬಳಿಕ, ಸಾಮಾನ್ಯವಾಗಿ ಹದಿನಾರರಿಂದ ಹದಿನೆಂಟರ ಸುಮಾರಿಗೆ, ದವಡೆಯನ್ನು ಮುಂದಕ್ಕೆ ತರಬೇಕಿದ್ದರೆ ಅದಾದ ಮೇಲೆ ಮಾಡಲಾಗುತ್ತದೆ. ಮೂಗಿನ ನಡುಗೋಡೆ, ಕಿವಿ ಅಥವಾ ಪಕ್ಕೆಲುಬಿನಿಂದ ರೋಗಿಯದೇ ಮೃದ್ವಸ್ಥಿಯನ್ನು ತೆಗೆದು ಆಧಾರವಾಗಿ ಇಡುತ್ತಾರೆ.

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳ ಸೇರಿವೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಮೊದಲ ಹೊಲಿಗೆಯ ಅನಂತರ ಆಸ್ಪತ್ರೆಯ ದಾರಿಯನ್ನೇ ಮರೆತ ಕುಟುಂಬಗಳು ಮಗುವಿನ ಹಳೆಯ ದಾಖಲೆಗಳೊಡನೆ ಮತ್ತೆ ತಜ್ಞರನ್ನು ಕಾಣಬಹುದು. ಪ್ರಾಯಕ್ಕೆ ಬಂದವರಿಗೂ ಚಿಕಿತ್ಸೆಯ ಕಾಲ ಮೀರಿರುವುದಿಲ್ಲ. ಗಿಲ್ಲೀಸ್ ಅವರ ಬಳಿಗೆ ಬಂದವರಲ್ಲಿ ಅನೇಕರು ಪ್ರಾಯದವರೇ ಆಗಿದ್ದರು.

ಕೊನೆಯ ದಿನಗಳು

ಗಿಲ್ಲೀಸ್ ಅವರು ವಿನೋದಪ್ರಿಯರು. ವೇಷ ಮರೆಸಿಕೊಂಡು ಸ್ನೇಹಿತರನ್ನು ಬೇಸ್ತುಬೀಳಿಸುವುದು, ಗಾಲ್ಫ್ ಚೆಂಡನ್ನು ಎತ್ತರದ ಊರೆಯ ಮೇಲಿಟ್ಟು ಹೊಡೆದು ಎದುರಾಳಿಗಳನ್ನು ಕೆಣಕುವುದು, ಗಾಳ ಹಾಕಿ ಮೀನು ಹಿಡಿಯುವುದು, ಚಿತ್ರ ಬರೆಯುವುದು ಅವರ ಹವ್ಯಾಸಗಳು. ಅವರ ವರ್ಣಚಿತ್ರಗಳ ಪ್ರದರ್ಶನವೂ ಲಂಡನ್ನಿನಲ್ಲಿ ನಡೆಯಿತು. ಪತ್ನಿ ಕ್ಯಾಥ್ಲೀನ್ ಅವರು 1957ರಲ್ಲಿ ನಿಧನರಾದರು. ಅದೇ ವರ್ಷ, ಶಸ್ತ್ರಕ್ರಿಯಾ ಕೊಠಡಿಯಲ್ಲಿ ದೀರ್ಘಕಾಲ ಸಹಾಯಕಿಯಾಗಿದ್ದ ಮಾರ್ಜೊರಿ ಕ್ಲೇಟನ್ ಅವರನ್ನು ವಿವಾಹವಾದರು.

1960ರ ಆಗಸ್ಟ್ ತಿಂಗಳಿನಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳ ಗಾಯಗೊಂಡ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಅವರಿಗೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಘಾತವಾಯಿತು. ಆಗ ಅವರಿಗೆ 78 ವರ್ಷ. ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಅವರು ನಿಧನ ಹೊಂದಿದರು. ಸಿಡ್‌ಕಪ್‌ನ ರೋಗಿಗಳ ಕಡತಗಳು, ರೇಖಾಚಿತ್ರಗಳು ಮತ್ತು ಹೆನ್ರಿ ಟಾಂಕ್ಸ್ ಅವರ ವರ್ಣಚಿತ್ರಗಳಲ್ಲಿ ಬಹುಭಾಗವನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯಲ್ಲಿ ಸಂರಕ್ಷಿಸಲಾಗಿದೆ.